ನಾಲ್ಕನೆಯ ಸ್ಲೈಡರ್

ಮಾರ್ಚ್ 4, ಬೆಳಿಗ್ಗೆ 10

ಮಾನ್ಯ ಸಭಾಧ್ಯಕ್ಷರೇ, ಮೇಜಿನ ಮೇಲಿನ ಮೌಸೇ, ಮೂಲೆಯಲ್ಲಿ ಮುನಿಸಿಕೊಂಡ ಪ್ರಿಂಟರೇ! ಹಳೆಯ ಫೋಟೊ ಸರಿಪಡಿಸುವ ಈ ಸ್ಟುಡಿಯೋದ ಏಕೈಕ ಪ್ರೋಗ್ರಾಮರ್, ಅಂದರೆ ನಾನು, ಇಂದೂ ಎಂದಿನಂತೆ ಭಾವನ ಬೈಗುಳದಿಂದ ದಿನ ಆರಂಭಿಸಿರುತ್ತೇನೆ.

ಭಾವ ಎಂದರೆ ಅಕ್ಕನ ಗಂಡ. ಇಲ್ಲಿ ಇಪ್ಪತ್ತೆರಡು ವರ್ಷದಿಂದ ಟಚಪ್ ಮಾಡುವವರು. ನನ್ನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ — ದಿನಕ್ಕೆರಡು ಸಲ ನೆನಪಿಸುತ್ತಾರೆ. ಪಕ್ಕದಲ್ಲಿ ಕೂತು ಬೆಳಕೆಷ್ಟು, ನೆರಳೆಷ್ಟು ಅಂತ ಅಂಕಿ ಹೇಳುತ್ತಾರೆ. ಟೈಪ್ ಮಾಡಿ ಓಡಿಸುವುದು ನನ್ನ ಪಾಲು.

"ನಲವತ್ತು ಬೇಡ. ನಲವತ್ತೆರಡು ಹಾಕು."

"ಎರಡರಲ್ಲಿ ಏನು ವ್ಯತ್ಯಾಸ ಭಾವ?"

"ನಿನಗೆಲ್ಲಿ ಕಾಣುತ್ತೆ! ನಿನ್ನ ಕಣ್ಣು ನಿನ್ನ ಭಾಷಣಕ್ಕೆ ಪ್ರಾಸ ಹುಡುಕೋಕೆ ಮಾತ್ರ ಲಾಯಕ್ಕು."

ಕೌಂಟರಿನಲ್ಲಿದ್ದ ಗಿರಾಕಿಗಳೂ ನಕ್ಕರು.

ಮಾರ್ಚ್ 6

ಮಾಲೀಕರಾದ ಮೇಡಂ ಕರೆದರು. ಅಂಕಿ ಟೈಪ್ ಮಾಡುವ ಪುರಾಣ ಸಾಕು, ಸ್ಲೈಡರ್ ಹಾಕಿ ಅಂತ. ಪರದೆಯ ಮೇಲೊಂದು ಗೆರೆ, ಗೆರೆಯ ಮೇಲೊಂದು ಗುಂಡಿ, ಎಳೆದಂತೆಲ್ಲ ಚಿತ್ರ ಬದಲಾಗಬೇಕು. ಬೆಳಕಿಗೊಂದು, ನೆರಳಿಗೊಂದು, ಕಲೆ ಅಳಿಸಲೊಂದು.

ಬಾಗಿಲು ಮುಚ್ಚಿ ಇನ್ನೊಂದು ಮಾತು: "ಇದು ಬಂದ್ಮೇಲೆ ಇಬ್ಬರು ಬೇಕಾಗಲ್ಲ. ಯಾರು ಇರ್ತೀರಿ ಅಂತ ಈ ತಿಂಗಳೇ ಹೇಳ್ತೀನಿ."

ಹೊರಗೆ ಭಾವ — "ಏನಂತೆ?"

"ಸ್ಲೈಡರ್ ಅಂತೆ."

"ಹಾಕು, ಹಾಕು. ಮಕ್ಕಳಿಗೆ ಜಾರುಬಂಡಿ ಆಗುತ್ತೆ."

ಎರಡನೆಯ ಮಾತು ಅವರಿಗೆ ಹೇಳಲಿಲ್ಲ.

ಮಾರ್ಚ್ 13

ಮೂರೂ ಸಿದ್ಧ. ಎಳೆದರೆ ಬೆಳಕು, ಬಿಟ್ಟರೆ ಮಸುಕು. ಭಾವ ಅರ್ಧ ಗಂಟೆ ಎಳೆದಾಡಿದರು. "ಒರಟು. ಕೂದಲೆಳೆಯಷ್ಟು ಬದಲಾಗೋ ಹಾಗೆ ಇನ್ನೊಂದು ಹಾಕು."

ಹಾಕಿದೆ. ನೆರಳಿನ ಸ್ಲೈಡರಿನ ನಕಲು, ಬಲ ಮಾತ್ರ ಹತ್ತರಲ್ಲೊಂದು ಪಾಲು. ಹೆಸರು 'ಸೂಕ್ಷ್ಮ'. ಈ ತುದಿಯಿಂದ ಆ ತುದಿಗೆ ಎಳೆದೆ. ಏನೂ ಕಾಣಲಿಲ್ಲ.

ಆಗ ಹೊಳೆಯಿತು... ಗುಂಡಿಯನ್ನು ಚಿತ್ರಕ್ಕೆ ಜೋಡಿಸುವ, ಪ್ರೋಗ್ರಾಮಿನ ಆ ಒಂದು ಸಾಲು ಅಳಿಸಿಬಿಟ್ಟರೆ? ಗುಂಡಿ ಓಡುತ್ತದೆ, ಅಂಕಿ ಏರುತ್ತದೆ, ಚಿತ್ರ ಕದಲುವುದಿಲ್ಲ. ಕಣ್ಣಿನ ಪಂಡಿತರಿಗೊಂದು ಪರೀಕ್ಷೆ, ಮೇಡಂ ಸಮಕ್ಷಮ.

ಮಾರ್ಚ್ 15, ಭಾನುವಾರ

ಮನೆಯ ಲ್ಯಾಪ್‌ಟಾಪಿನಲ್ಲಿ ಸಾಲು ಅಳಿಸಿದೆ. ಸ್ವರ್ಗಸುಖ.

ಮಾರ್ಚ್ 17, ಮಧ್ಯಾಹ್ನ 3

ಸಭಿಕರೇ, ಗೆದ್ದೆ!

ಯಾರದೋ ಅಜ್ಜಿಯ ಹಳೆಯ ಫೋಟೊ. ಮೇಡಂ ಹಿಂದೆ ನಿಂತಿದ್ದರು. ಭಾವ 'ಸೂಕ್ಷ್ಮ'ದ ಗುಂಡಿ ಹಿಡಿದರು. ಹತ್ತು. ಇಪ್ಪತ್ತು. ಉಸಿರು ಬಿಗಿಹಿಡಿದು ಮೂವತ್ತೇಳಕ್ಕೆ ನಿಲ್ಲಿಸಿದರು.

"ಇಲ್ಲಿ. ಈಗ ಬಂತು ನೋಡಿ ಗಲ್ಲದ ನೆರಳು. ಮೊದಲು ಅಜ್ಜಿ ಸಿಟ್ಟಾಗಿದ್ರು, ಈಗ ನಗೋದನ್ನ ತಡ್ಕೊಂಡಿದಾರೆ."

"ಭಾವ, ಆ ಗುಂಡಿ ಯಾವುದಕ್ಕೂ ಜೋಡಿಸಿಲ್ಲ."

ಮೇಡಂ ನಕ್ಕರು ನೋಡಿ — ಕಣ್ಣಲ್ಲಿ ನೀರು ಬರುವಷ್ಟು. ಭಾವ ಗುಂಡಿಯನ್ನು ಸೊನ್ನೆಗೆ ತಂದರು, ಮತ್ತೆ ಮೂವತ್ತೇಳಕ್ಕೆ. ಇನ್ನೊಮ್ಮೆ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು.

"ನನಗೆ ಕಂಡ ಹಾಗಾಯ್ತು," ಎಂದರು.

ಇಪ್ಪತ್ತೆರಡು ವರ್ಷದ ಕಣ್ಣು, ಇಪ್ಪತ್ತು ನಿಮಿಷದಲ್ಲಿ ಮಣ್ಣು. ಮೇಡಂ ತಿಂಗಳ ಕೊನೆಯವರೆಗೂ ಕಾಯಲಿಲ್ಲ. ಇನ್ನು ನಾನೊಬ್ಬನೇ ಸಾಕಂತೆ.

ಮಾರ್ಚ್ 26

ಅಕ್ಕನ ಫೋನು. ಭಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದಳಂತೆ. ಕಣ್ಣಿಗೆ ಏನೂ ಆಗಿಲ್ಲವಂತೆ.

"ಒಳ್ಳೇದಾಯ್ತಲ್ಲ," ಎಂದೆ.

"ಏನು ಒಳ್ಳೇದು? ಕಣ್ಣು ಸರಿ ಇದ್ರೆ ತಲೇನೇ ಕೆಟ್ಟಿರಬೇಕು ಅಂತಾರೆ ನಿನ್ನ ಭಾವ. ಸೀರೆ ಉಟ್ಟು ಬಂದ್ರೆ 'ಇದು ಹಸಿರು ತಾನೇ?' ಅಂತ ಕೇಳ್ತಾರೆ. ಹೌದು ಅಂದ್ರೂ ನಂಬಲ್ಲ. ನೀನೊಂದು ಸಲ ಬಂದು ಹೇಳೋ, ನಿನ್ನ ಮಾತಾದ್ರೆ ನಂಬ್ತಾರೆ."

ಕೆಲಸವಿದೆ ಎಂದೆ. ಇತ್ತು.

ಏಪ್ರಿಲ್ 9

ಗಿರಾಕಿಗಳು ಫೋಟೊ ವಾಪಸು ತರುತ್ತಿದ್ದಾರೆ. "ಇದು ನಮ್ಮಪ್ಪನ ಥರ ಕಾಣ್ತಿಲ್ಲ." ಯಾಕೆ ಎಂದರೆ ಹೇಳಲು ಅವರಿಗೆ ಬಾರದು, ನೋಡಲು ನನಗೆ ಬಾರದು. ಮೇಡಂ ಮುಖ ಗಂಟು.

ಅಕ್ಕ ಮತ್ತೆ ಫೋನು ಮಾಡಿದಳು. ಎತ್ತಲಿಲ್ಲ. ಭಾವ ಈಗ ಒಬ್ಬರೇ ರಸ್ತೆ ದಾಟುವುದಿಲ್ಲವೆಂದು ಮೆಸೇಜು — ಸಿಗ್ನಲ್ಲಿನ ಬಣ್ಣ ಪಕ್ಕದವರನ್ನು ಕೇಳುತ್ತಾರಂತೆ.

ಮಾನ್ಯ ಸಭಾಧ್ಯಕ್ಷರೇ — ಸಾಕು. ಯಾವ ಸಭೆಯೂ ಇಲ್ಲ.

ಸಾಲು ಅಳಿಸಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಆ ಪ್ರತಿಯನ್ನು ಸ್ಟುಡಿಯೋಕ್ಕೆ ತಂದು ಹಾಕಲು ಮರೆತಿದ್ದೆ. ಇಲ್ಲಿ ಓಡಿದ್ದು ಹದಿಮೂರನೇ ತಾರೀಖಿನ ಹಳೆಯ ಪ್ರತಿ. ಗುಂಡಿ ಚಿತ್ರಕ್ಕೆ ಜೋಡಿಸಿಯೇ ಇತ್ತು. ನೆರಳು ನಿಜವಾಗಿಯೂ ಬದಲಾಗಿತ್ತು. ಅವರಿಗೆ ನಿಜವಾಗಿಯೂ ಕಂಡಿತ್ತು.

ಇದು ಇವತ್ತು ತಿಳಿದದ್ದಲ್ಲ. ಅವತ್ತೇ, ಮೇಡಂ ಇನ್ನೂ ನಗುತ್ತಿದ್ದಾಗಲೇ, ಫೈಲು ತೆರೆದು ನೋಡಿದ್ದೆ. ಭಾವ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಎಡಗಾಲು ಸಿಗದೆ ತಡವರಿಸುತ್ತಿದ್ದರು. ಕರೆದರೆ ಕೇಳುವಷ್ಟು ಹತ್ತಿರ. ಬಾಯಿ ತೆರೆದೆ, ಫೈಲು ಮುಚ್ಚಿದೆ.