ನೀರು ಅಂದರೆ ಖಾಲಿ

೯ ಏಪ್ರಿಲ್ ೧೯೫೪, ಚೊಳಚಗುಡ್ಡ

ಬೆಳಿಗ್ಗೆ ಮತ್ತೆ ರೈಫಲ್ ಒರೆಸಿದೆ. ಮ್ಯಾಗಝೀನಿನ ತುಂಬ ಕೆಂಪು ಉಸುಕು. ಗಾಳೆಪ್ಪ ನನ್ನ ಜೋಡಿ ಪೋಲೀಸ. ಐದು ಗುಂಡಿನ ಕ್ಲಿಪ್ಪನ್ನು ಹೆಬ್ಬೆರಳಿನ ಒಂದೇ ಒತ್ತಿಗೆ ಮ್ಯಾಗಝೀನಿಗೆ ಇಳಿಸುತ್ತಾನೆ. ನನ್ನದು ಅರ್ಧಕ್ಕೇ ಸಿಕ್ಕಿಕೊಂಡಿತು. ಉಗುರು ಕಿತ್ತು ರಕ್ತ.

"ಮ್ಯಾಲಿನ ಗುಂಡಿನ ಅಂಚು ಕೆಳಗಿಂದರ ಹಿಂದ ಕುಂತೈತ್ರಿ, ರಾಯರ. ಆ ದರೋಡೆಕೋರ ಅಮಾತೆಪ್ಪನ ಮುಂದ ಹಿಂಗಾತಂದ್ರ ನೀವು ಕಾಶಿಗೆ ಹೋಗೂದ ಬ್ಯಾಡ, ಇಲ್ಲೇ ಮುಕ್ತಿ."

ಸಿಟ್ಟು ಬಂತು. ಖರೆ ಹೇಳಿದ್ದಕ್ಕೇ ಬಂತು.

೧೧ ಏಪ್ರಿಲ್, ಸಂಜೆ

ನಮ್ಮ ತುಕಡಿಯ ಕಾಳಪ್ಪ ಹೋದ. ಪಟ್ಟದಕಲ್ಲಿನ ದಾರಿಯ ಗುಡ್ಡದಲ್ಲಿ ದರೋಡೆಕೋರರು ಸಿಕ್ಕರು. ಅಮಾತೆಪ್ಪ ಅವರ ನಾಯಕ, ಮಿಲಿಟರಿ ಬಿಟ್ಟು ಬಂದವನು, ನಮ್ಮ ಡ್ರಿಲ್ಲೆಲ್ಲ ಅವನಿಗೆ ಬಾಯಿಪಾಠ. ಕಾಳಪ್ಪ ಹತ್ತೂ ಗುಂಡು ಹಾರಿಸಿ "ಖಾಲಿ" ಎಂದು ಕೂಗಿದ — ತಾನು ತುಂಬುವಾಗ ನಾವು ಹೊಡೆಯಲಿ ಅಂತ. ನಮಗಿಂತ ಮೊದಲು ಅಮಾತೆಪ್ಪ ಕೇಳಿಸಿಕೊಂಡ. ಕೊಡಲಿ ಹಿಡಿದು ಬಂಡೆ ಹಾರಿ ಬಂದ. ಕಾಳಪ್ಪನ ಕುತ್ತಿಗೆ ಅರ್ಧ ಹೋಗಿತ್ತು... ಕ್ಲಿಪ್ ಇನ್ನೂ ಕೈಯಲ್ಲೇ ಇತ್ತು.

ಅನ್ನ ಇಳಿಯಲಿಲ್ಲ. ಗಾಳೆಪ್ಪ ಬಂದು ಕೂತ.

"ಇನ್ನ ಖಾಲಿ ಅನ್ನೂದ ಬ್ಯಾಡ್ರಿ. 'ನೀರ' ಅನ್ನೂಣು. ಈ ಬಿಸಲಾಗ ಯಾರಿಗೂ ಸಂಶೇ ಬರೂದಿಲ್ಲ. ನಾ ನೀರ ಅಂದ್ರ ನನ್ನ ಕಡೆ ನೋಡಬ್ಯಾಡ್ರಿ. ಹೊಡಕೋತ ಇರ್ರಿ."

"ಖರೇನ ನೀರಡಿಕಿ ಆದ್ರ?"

ನಕ್ಕ. "ನಿಮ್ಮ ಬಾಟ್ಲಿ ನಾ ಯಾವಾಗ ಮುಟ್ಟೇನ್ರಿ? ಮೈಲಿಗಿ ಆದೀತು."

ನಾನೂ ನಕ್ಕೆ. ಆಮೇಲೆ ನಾಚಿಕೆಯಾಯಿತು. ಬಾಟಲಿ ಅವನತ್ತ ಚಾಚಬೇಕೆನಿಸಿತು. ಚಾಚಲಿಲ್ಲ.

೧೪ ಏಪ್ರಿಲ್

ಉಪಾಯ ಫಲಿಸಿತು. ಅವನು "ನೀರ" ಅಂದ, ನಾನು ಹೊಡೆದೆ, ಅವನು ತುಂಬಿದ. ಇಬ್ಬರು ಕಳ್ಳರು ಬಿದ್ದರು. ಒಬ್ಬ ಸಾಯುವವರೆಗೂ ತನ್ನ ಅವ್ವನನ್ನೇ ಕರೆಯುತ್ತಿದ್ದ. ಅಮಾತೆಪ್ಪ ಮತ್ತೆ ಪಾರು.

೧೯ ಏಪ್ರಿಲ್, ಬಾಗಲಕೋಟೆ ದವಾಖಾನೆ

ಕಿವಿಗೆ ಪಟ್ಟಿ ಕಟ್ಟಿದ್ದಾರೆ. ಎಲ್ಲರೂ ಶಾಭಾಸ್ ಅನ್ನುತ್ತಿದ್ದಾರೆ. ಗುಡ್ಡದಲ್ಲಿ ನಡೆದದ್ದನ್ನು ಬರೆದುಬಿಡುತ್ತೇನೆ.

ಮೇಲೆ ಬಂಡೆಯ ಸಂದಿಯಲ್ಲಿ ಅಮಾತೆಪ್ಪ. ನನ್ನ ಬಲಕ್ಕೆ ಕಲ್ಲಿನ ಮರೆಯಲ್ಲಿ ಗಾಳೆಪ್ಪ. "ನೀರ" ಅಂದ. ಹೊಡೆದೆ. ಮತ್ತೆ "ನೀರ". ಕ್ಲಿಪ್ ಒತ್ತಿ ಮತ್ತೆ ಹೊಡೆದೆ. ಇಷ್ಟೊತ್ತು ಏನು ತುಂಬುತ್ತಿದ್ದಾನೆ? ರೇಗಿತು. "ಲಗೂ ಮಾಡಲೇ" ಎಂದು ಕೂಗಿದೆ. ಗುಂಡೊಂದು ನನ್ನ ಕಿವಿ ಹರಿದುಕೊಂಡು ಹೋಯಿತು. ಆಮೇಲೆ ಸಣ್ಣ ದನಿ — "ರಾಯರ... ನೀರ." ನೋಡಬೇಡ ಅಂದಿದ್ದನಲ್ಲ. ನೋಡಲಿಲ್ಲ.

ಅಮಾತೆಪ್ಪನ ದವಡೆ ಒಡೆಯಿತು. ಬಿದ್ದವನ ಮೇಲೂ ಮ್ಯಾಗಝೀನ್ ಮುಗಿಯುವ ತನಕ ಹೊಡೆದೆ. ಹೊಡೆಯುವಾಗ ಖುಷಿಯಾಗಿತ್ತು.

ತಿರುಗಿ ನೋಡಿದರೆ ಗಾಳೆಪ್ಪ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಸತ್ತಿದ್ದ. ತುಟಿಯ ಮೇಲೆ ಉಸುಕು. ಅವನ ಮ್ಯಾಗಝೀನ್ ಬಿಚ್ಚಿದೆ. ಅರ್ಧಕ್ಕಿಂತ ಹೆಚ್ಚು ಗುಂಡು ಉಳಿದಿದ್ದವು.

ನೀರನ್ನೇ ಕೇಳಿದ್ದ.

ನನ್ನ ಸೊಂಟದಲ್ಲಿ ಬಾಟಲಿ ತುಂಬಿತ್ತು. ಬಾಯಿಗೆ ಸುರಿದೆ. ಗದ್ದದ ಮೇಲಿಂದ ಇಳಿದು ಹೋಯಿತು.

೨೨ ಏಪ್ರಿಲ್, ಹುನಗುಂದ

ಗಾಳೆಪ್ಪನ ಮನೆಗೆ ಹೋದೆ. ಅವನ ಹೆಂಡತಿ ತಾಯವ್ವ ಹೊರಗೆ ಚಾಪೆ ಹಾಸಿ ದೂರ ನಿಂತಳು. ಕುಡಿಯಲು ನೀರು ಕೇಳಿದೆ. ಗಾಬರಿಯಾಗಿ ನನ್ನ ಮುಖ ನೋಡಿದಳು, ತಂಬಿಗೆ ತಂದಿಟ್ಟಳು. ಕುಡಿದೆ.

"ಕಡೀ ನೀರ ಅವರ ಬಾಯಾಗ ಯಾರ ಬಿಟ್ಟಾರ್ರಿ?"

"ನಾನ ಬಿಟ್ಟೇನಿ, ತಂಗಿ."

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸ್ವಲ್ಪ ಸಮಾಧಾನವಾದಂತೆ ಕಂಡಿತು. ಆಮೇಲೆ ಕೇಳಿದಳು.

"ನುಂಗಿದ್ರೇನ್ರಿ?"

ನಾನು ಹೂಂ ಅಂದೆ.