ಕಾಂಡ್ಲಾ ಗಿಡದ ಹಿಂದಿನ ಗೋಡೆ

"ಮಾನ್ಯ ಸಾಹೇಬರೇ, ಮಾನ್ಯ ಏಡಿಗಳೇ, ಸಮಸ್ತ ಮೀನುಕುಲದ ಬಂಧುಗಳೇ! ಅಲೆಗೆ ಗೋಡೆ ಬೇಕು, ಗೋಡೆಗೆ ಬೇರು ಬೇಕು, ಮೇಸ್ತ್ರಿಗೆ ಉಣ್ಣಾಕ ರೊಟ್ಟಿ-ಸಾರು ಬೇಕು!"

ಹುಲುಗಣ್ಣ ಮಾವಾ, ಗಾಬರಿ ಆಗಬ್ಯಾಡ್ರಿ. ಇದು ಕುಮಟಾ ಕಡೆಯ ಕಡಲದಂಡೆಯಿಂದ ನಿಮ್ಮ ಮುನಾವರ. ನಾಳೆ ಇಲ್ಲಿ ಸಭೆ ಐತಿ, ಅದಕ್ಕೆ ಬರೆದ ಭಾಷಣ. ಸಮುದ್ರ ಊರೊಳಗೆ ನುಗ್ಗದಂಗ ಕಲ್ಲಿನ ಗೋಡೆ ಕಟ್ಟಾಕ ನಮ್ಮನ್ನು ಕರೆಸ್ಯಾರ. ಆದರೆ ನಕ್ಷೆಯ ಗೆರೆ ನೇರ ಕಾಂಡ್ಲಾ ಗಿಡಗಳ ಮ್ಯಾಲೆ ಹೋಗೈತಿ. ಉಪ್ಪುನೀರಾಗ ನಿಂತು ಅಲೆಯ ಸಿಟ್ಟು ಇಳಿಸೋ ಗಿಡ ಅವು. ಅವನ್ನೇ ಕಡಿದು ಕಟ್ಟಬೇಕಂತೆ. ಹತ್ತು ಮಾರು ಹಿಂದೆ ಕಟ್ಟಿದರೂ ಮನಿಗಳಿಗೆ ಬೇಕಾದಷ್ಟು ಜಾಗ ಐತಿ.

ನನಗೆ ನಮ್ಮ ಅರಸೀಕೆರೆಯ ಕೆರೆ ಏರಿ ನೆನಪಾತು. ನೀವೂ ಅಬ್ಬಾನೂ ಅಲ್ಲಿ ಕಲ್ಲು ಹೊಂದಿಸ್ತಿದ್ರಿ. ಅಡ್ಡ ಬಂತಂತ ನಾನು ಒಂದು ಲಕ್ಕಿ ಗಿಡ ಕಡಿದಾಗ ಅಬ್ಬಾ, "ಲೇ, ಅದು ನಮಗಿಂತ ಹಳೇ ಕೆಲಸಗಾರ. ಒಂದಿನಾನೂ ರಜಾ ಕೇಳಿಲ್ಲ," ಅಂದಿದ್ದರು. ನೀವು ನಕ್ಕೋತ ಅದರ ಬುಡ ಬಿಟ್ಟು ಸುತ್ತ ಕಲ್ಲು ಇಟ್ರಿ. ಮಳೆಗಾಲಕ್ಕೆ ಅದು ಚಿಗುರಿತು. ಆ ಎಲೆಯ ವಾಸನೆ ಇನ್ನೂ ನನ್ನ ಕೈಯಾಗ ಐತಿ.

ಒಂದು ಕೆಲಸ ಆಗಬೇಕು. ಹಡಗಲಿ ಕಡೆ ಎಲ್ಲಾದರೂ ಏರಿ ರಿಪೇರಿ ಇದ್ದರೆ ನನ್ನ ಹೆಸರು ಹೇಳಿ ಇಡ್ರಿ. ನನ್ನ ಮನಿಯಾಕಿ ಮೆಹರೀನಗೆ ಈಗಲೇ ಹೇಳಬ್ಯಾಡ್ರಿ.

ಭಾಷಣ, ಸಭೆ ಎಲ್ಲಾ ಸುಳ್ಳು ಮಾವಾ. ನಾನು ಯಾರನ್ನೂ ಕೇಳಲಿಲ್ಲ. ಗುರುತಿನ ಗೂಟ ಕಿತ್ತು ಗಿಡಗಳ ಹಿಂದೆ ನೆಟ್ಟೆ. ಗೋಡೆ ಅಲ್ಲೇ ಎದೆಮಟ್ಟ ಎದ್ದೈತಿ. ನಾಳೆ ಸಾಹೇಬರು ಅಳೆಯಾಕ ಬರ್ತಾರ.

ನಿಮ್ಮ,
ಮುನಾವರ