ಪಾವಡಿಯ ಹಾಸು

ಜಯಪ್ರಿಯಾ ಅತ್ತೆಯವರಿಗೆ ತಮಿಳ್‌ಸೆಲ್ವಿಯ ನಮಸ್ಕಾರ.

ನಿನ್ನೆ ವಾರ್ಡ್ ಸಭೆಯಲ್ಲಿ ನಾನು ಹಿಂದೆ ಕೂತಿದ್ದೆ. ಎದ್ದು ಮಾತನಾಡಲು ನಾಚಿಕೆಯಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ನೇಯುವ ಮುನ್ನ ನಾವು ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಒಣಗಿಸುವ ಪಾವಡಿ ಬಯಲಿನಲ್ಲಿ, ನಗರಸಭೆ ಕೊಳ್ಳುವ ರಸ್ತೆ ಗುಡಿಸುವ ಯಂತ್ರಕ್ಕೆ ಶೆಡ್ ಕಟ್ಟಲು ಹೋದ ವಾರ ಕೌನ್ಸಿಲ್‌ನಲ್ಲಿ ಕೌನ್ಸಿಲರ್ ಆಗಿ ನೀವೂ ಕೈಯೆತ್ತಿದಿರಂತೆ.

“ಸೋಮನೂರ ಪವರ್‌ಲೂಮಲ್ಲಿ ಎಲ್ಲಾ ಮಿಷಿನ್‌ಲೇ ಆಗ್ತದೆ. ನೀವಿನ್ನೂ ಬಯಲಲ್ಲಿ ನೂಲು ಎಳೀತೀರಾ?” ಎಂದು ನಿನ್ನೆ ಸಭೆಯಲ್ಲಿ ನಗರಸಭೆಯ ಇಂಜಿನಿಯರ್ ನಕ್ಕರು.

“ನಿಮ್ ಗುಡಿಸೋ ಮಿಷಿನ್ನು ಎಲ್ಲಿ ಬೇಕಾದ್ರೂ ನಿಲ್ತದೆ ಸಾಮಿ. ಕೈಮಗ್ಗದ ಹಾಸನ್ನ ಮಡಚಿ ಒಣಗಿಸಕ್ಕಾಯ್ತದಾ?” ಎಂದಳು ನಮ್ಮಜ್ಜಿ. ನೀವು ತಲೆ ತಗ್ಗಿಸಿದಿರಿ.

ನೀವು ಮದುವೆಯಾಗಿ ನಮ್ಮ ಬೀದಿಗೆ ಬಂದ ದಿನವೂ ಪಾವಡಿಯಲ್ಲಿ ನಮ್ಮ ಹಾಸು ಗಂಜಿ ಹಚ್ಚಿಸಿಕೊಂಡು ಒಣಗುತ್ತಿತ್ತಂತೆ. ಎಳೆದ ಹಾಸನ್ನು ದಾಟಬಾರದೆಂದು, ವಾದ್ಯಮೇಳದವರನ್ನು ನಿಲ್ಲಿಸಿ, ರೇಷ್ಮೆ ಸೀರೆಯಲ್ಲೇ ಬಯಲು ಸುತ್ತಿ ಬಂದಿರಂತೆ. ಅಜ್ಜಿ ಅದನ್ನು ಈಗಲೂ ಹೇಳುತ್ತಾಳೆ.

ಬಸ್ ನಿಲ್ದಾಣದ ಹಿಂದೆ ಸರ್ಕಾರದ ಪೊರಂಬೋಕು ಜಾಗ ಖಾಲಿಯಿದೆ. ದಯವಿಟ್ಟು ಶೆಡ್‌ಗೆ ಅದನ್ನು ನೋಡಿಸಿ.

ಶುಕ್ರವಾರ ನಗರಸಭೆಯವರು ಪಾವಡಿ ಅಳೆಯಲು ಬರುತ್ತಾರಂತೆ. ಅಂದು ಬೆಳಿಗ್ಗೆ ಎಲ್ಲ ಮನೆಯವರೂ ಅಲ್ಲಿ ಹಾಸು ಎಳೆದಿರುತ್ತೇವೆ. ಅವರ ಜೊತೆ ನೀವೂ ಬನ್ನಿ. ಅತ್ತೆ ಈಗಲೂ ಹಾಸು ದಾಟುವುದಿಲ್ಲ ಎಂದು ಅಜ್ಜಿಗೆ ಹೇಳಿದ್ದೇನೆ.

ನಿಮ್ಮ ಮನೆಮಗಳು,
ತಮಿಳ್‌ಸೆಲ್ವಿ
ಪಾವಡಿ ಬೀದಿ